ಜಾಲತಾಣಗಳ ನಿರ್ಬಂಧ ಮತ್ತು ನಿಷೇಧಿತ ಪಠ್ಯದ ಆಕರಗಳು: ೨೦೦೬ರ ಬ್ಲಾಗ್ ಪ್ರಕರಣವನ್ನು ಕುರಿತು

ನಿಷೇಧದ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಬೇಕಾಗುವುದು ನಿಷೇಧಕ್ಕೆ ಒಳಗಾದ ಪಠ್ಯ. ಅದರ ಬೆನ್ನಿಗೇ ಬೇಕಾಗುವುದು ನಿಷೇಧಿಸಿದ ಆದೇಶ. ವಸಾಹತುಶಾಹಿ ಆಡಳಿತದ ಕಾಲಕ್ಕೆ ಸಂಬಂಧಿಸಿದಂತೆ ಇವೆರಡೂ ಬಹುಮಟ್ಟಿಗೆ ದೊರೆಯುತ್ತವೆ. ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಕರಪತ್ರಗಳು, ಹಾಡಿನ ಪುಸ್ತಿಕೆಗಳು, ನಾಟಕಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಸಂಚಯಗಳಾಗಿ ಉಳಿದಿವೆ. ಸ್ವತಂತ್ರ ಭಾರತದಲ್ಲಿ ಅಂತರಜಾಲದ ಮೇಲೆ ಹೇರಲಾದ ನಿರ್ಬಂಧಗಳ ವಿಷಯಕ್ಕೆ ಬಂದರೆ ಪರಿಸ್ಥಿತಿ ಬೇರೆಯಾಗಿದೆ. ಇಲ್ಲಿ ಪಠ್ಯವೂ ಸುಲಭವಾಗಿ ಸಿಗುವುದಿಲ್ಲ, ಆದೇಶವೂ ಸಿಗುವುದಿಲ್ಲ. ಸಂಶೋಧಕರಿಗೆ ಒದಗಿರುವ ಕೆಲವೇ ಪಟ್ಟಿಗಳು ಸೋರಿಕೆಯಿಂದ ಬಂದಂಥವು. ಈ ಕೊರತೆಯ ಸ್ವರೂಪವನ್ನು ೨೦೦೬ರ ಜುಲೈ ತಿಂಗಳಿನಲ್ಲಿ ನಡೆದ ಬ್ಲಾಗ್ ನಿರ್ಬಂಧದ ಪ್ರಕರಣವನ್ನು ಮುಖ್ಯವಾಗಿ ಇಟ್ಟುಕೊಂಡು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ವದಂತಿ, ಪಾಠಾಂತರ, ವಕ್ತೃ, ಸಂಗ್ರಹ ಮೊದಲಾದವು ಜಾನಪದ ಅಧ್ಯಯನದ ದಿನಬಳಕೆಯ ಪರಿಕಲ್ಪನೆಗಳು. ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಅವು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದೂ ಇಲ್ಲಿಯ ಆಸಕ್ತಿಯಾಗಿದೆ.

೨೦೦೬ರ ಜುಲೈ

೨೦೦೬ರ ಜುಲೈ ೧೧ರ ಸಂಜೆ ಮುಂಬಯಿಯ ಪಶ್ಚಿಮ ರೈಲ್ವೆಯ ಉಪನಗರ ಗಾಡಿಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಏಳು ಸ್ಫೋಟಗಳು ಸಂಭವಿಸಿದವು. ಸತ್ತವರ ಸಂಖ್ಯೆ ೧೮೦ನ್ನು ಮೀರಿತು. ದೂರವಾಣಿ ಜಾಲಗಳು ಕಿಕ್ಕಿರಿದು ಕರೆಗಳು ಸಂಪರ್ಕ ಪಡೆಯದೇ ಹೋದವು. ಆ ಹೊತ್ತಿನಲ್ಲಿ ಕೆಲವು ಸ್ವಯಂಸೇವಕರು ನಡೆಸುತ್ತಿದ್ದ 'ಮುಂಬೈ ಹೆಲ್ಪ್' ಎಂಬ ಬ್ಲಾಗು ಆಸ್ಪತ್ರೆಗಳ ದೂರವಾಣಿ ಸಂಖ್ಯೆ, ಗಾಯಾಳುಗಳ ಮಾಹಿತಿ, ಬಂಧುಗಳನ್ನು ಹುಡುಕುತ್ತಿದ್ದವರ ಕೋರಿಕೆ ಇವುಗಳನ್ನು ಒಂದೆಡೆ ಕಲೆಹಾಕಿತು. ೨೦೦೪ರ ಡಿಸೆಂಬರಿನ ಸುನಾಮಿಯ ಸಂದರ್ಭದಲ್ಲಿಯೂ ೨೦೦೫ರ ಜುಲೈ ೨೬ರ ಮುಂಬಯಿ ಮಹಾಮಳೆಯ ಸಂದರ್ಭದಲ್ಲಿಯೂ ಇದೇ ಬಗೆಯ ಕೆಲಸ ನಡೆದಿತ್ತು. ಹೀಗಾಗಿ ಬ್ಲಾಗು ಎಂಬುದು ಭಾರತದಲ್ಲಿ ಆ ವೇಳೆಗೆ ಸ್ವಂತ ದಿನಚರಿಯ ಮಟ್ಟವನ್ನು ದಾಟಿ, ಆಪತ್ತಿನ ಕಾಲದಲ್ಲಿ ಊರಿನ ಕಟ್ಟೆಯ ಪಾತ್ರವನ್ನೂ ವಹಿಸತೊಡಗಿತ್ತು ಎನ್ನಬಹುದು.

ಸ್ಫೋಟವಾದ ಎರಡು ದಿನಗಳ ಅನಂತರ, ಜುಲೈ ೧೩ರ ದಿನಾಂಕವಿರುವ ಆದೇಶವೊಂದನ್ನು ಕೇಂದ್ರ ದೂರಸಂಪರ್ಕ ಇಲಾಖೆಯು ಅಂತರಜಾಲ ಸೇವಾದಾತ ಸಂಸ್ಥೆಗಳಿಗೆ ಕಳುಹಿಸಿತು. ಅದರಲ್ಲಿ ತಡೆಹಿಡಿಯಬೇಕಾದ ತಾಣಗಳ ಹೆಸರುಗಳಿದ್ದವು. ಅವು ಇಪ್ಪತ್ತಕ್ಕಿಂತ ಕಡಿಮೆ. ಕಾರಣವನ್ನು ಸಾರ್ವಜನಿಕವಾಗಿ ತಿಳಿಸಿರಲಿಲ್ಲ. ಮುಂದಿನ ಕೆಲವೇ ದಿನಗಳಲ್ಲಿ ದೇಶದ ಬೇರೆಬೇರೆ ಊರುಗಳ ಓದುಗರಿಗೆ ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್ ಎಂಬ ಮೂರು ದೊಡ್ಡ ಆಶ್ರಯತಾಣಗಳು ತೆರೆದುಕೊಳ್ಳದಾದವು. ಇವುಗಳಲ್ಲಿ ನೆಲೆಸಿದ್ದ ಲಕ್ಷಾಂತರ ಪುಟಗಳಿಗೂ ಆದೇಶಕ್ಕೂ ಯಾವ ಸಂಬಂಧವೂ ಇರಲಿಲ್ಲ. ಎರಡು ದಿನಗಳ ಹಿಂದೆ ಗಾಯಾಳುಗಳ ವಿವರ ಹಂಚುತ್ತಿದ್ದ 'ಮುಂಬೈ ಹೆಲ್ಪ್' ಕೂಡ ಬ್ಲಾಗ್‌ಸ್ಪಾಟಿನಲ್ಲಿಯೇ ಇತ್ತಾದ್ದರಿಂದ ಅದೂ ಈ ತಡೆಯೊಳಗೆ ಸಿಲುಕಿತು.

ಪಟ್ಟಿ ಸೋರಿಕೆಯಾಗಿ ಬೆಳಕಿಗೆ ಬಂದಾಗ ಓದಿದವರಿಗೆ ಅಚ್ಚರಿಯಾದುದು ಸಹಜ. ಅದರಲ್ಲಿ ಹಿಂದೂ ಯೂನಿಟಿ ಎಂಬ ತಾಣವಿತ್ತು. ದಲಿತಸ್ತಾನ್ ಎಂಬ ತಾಣವೂ ಇತ್ತು. ಪರಸ್ಪರ ವಿರುದ್ಧ ದಿಕ್ಕಿನ ಈ ಎರಡರ ಜೊತೆಗೆ ಅಮೆರಿಕದಲ್ಲಿ ಕುಳಿತು ಅಲ್ಲಿಯ ಪಕ್ಷರಾಜಕೀಯವನ್ನು ಚರ್ಚಿಸುತ್ತಿದ್ದ ಕೆಲವರ ಖಾಸಗಿ ಬ್ಲಾಗುಗಳೂ ಸೇರಿದ್ದವು. ಮುಂಬಯಿಯ ಸ್ಫೋಟಕ್ಕೂ ಇವುಗಳಿಗೂ ಇರುವ ನಂಟು ಪಟ್ಟಿಯಿಂದ ತಿಳಿಯುವುದಿಲ್ಲ. ಆದೇಶ ಹೊರಟ ದಿನವು ಸ್ಫೋಟಕ್ಕೆ ಹತ್ತಿರವಾಗಿದ್ದುದರಿಂದ ಜನ ಎರಡನ್ನೂ ಬೆಸೆದು ನೋಡಿದರು. ಭಯೋತ್ಪಾದಕರು ಬ್ಲಾಗುಗಳ ಮೂಲಕ ಪರಸ್ಪರ ಸಂದೇಶ ಕಳುಹಿಸುತ್ತಿದ್ದರಂತೆ, ಆದ್ದರಿಂದಲೇ ಮುಚ್ಚಿದರಂತೆ ಎಂಬ ವಿವರಣೆ ಬಾಯಿಂದ ಬಾಯಿಗೂ ಪತ್ರಿಕೆಗಳಲ್ಲಿಯೂ ಹರಿದಾಡಿತು. ಈ 'ಅಂತೆ'ಯು ಗಮನಾರ್ಹವಾದುದು. ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ೧೯೪೭ರಲ್ಲಿ ಪ್ರಕಟಿಸಿದ ವದಂತಿಯ ಮನಶ್ಶಾಸ್ತ್ರವನ್ನು ಕುರಿತ ಗ್ರಂಥದಲ್ಲಿ, ವಿಷಯದ ಮಹತ್ತ್ವವೂ ಅದರ ಅಸ್ಪಷ್ಟತೆಯೂ ಒಟ್ಟಿಗೆ ಇದ್ದಾಗ ವದಂತಿ ಬಲವಾಗುತ್ತದೆಂದು ವಿವರಿಸಿದ್ದಾರೆ. ವದಂತಿಯನ್ನು ಅಡಗಿಸುವ ಅಧಿಕಾರವುಳ್ಳ ಇಲಾಖೆಯೇ ಕಾರಣ ಹೇಳದೆ ಸುಮ್ಮನಿದ್ದು, ತನ್ನ ಆದೇಶವನ್ನೇ ವದಂತಿಯ ವಸ್ತುವನ್ನಾಗಿ ಮಾಡಿತು.

ತಿಂಗಳ ಮೂರನೆಯ ವಾರದಲ್ಲಿ ಇಲಾಖೆಯು ಸ್ಪಷ್ಟನೆ ನೀಡಿತು. ಪಟ್ಟಿಯಲ್ಲಿರುವ ನಿರ್ದಿಷ್ಟ ಪುಟಗಳನ್ನಷ್ಟೇ ತಡೆಯಬೇಕಾಗಿತ್ತು, ಇಡೀ ತಾಣಗಳನ್ನು ಮುಚ್ಚಿದ್ದು ಸೇವಾದಾತರ ತಪ್ಪು ಎಂಬುದು ಅದರ ನಿಲುವು. ಬಿಡಿ ಪುಟವನ್ನು ಬೇರ್ಪಡಿಸಿ ತಡೆಯುವ ಸೌಕರ್ಯ ತಮ್ಮಲ್ಲಿಲ್ಲ ಎಂಬುದು ಸೇವಾದಾತರ ಉತ್ತರ. ಒಂದು ವಾರದ ಆಸುಪಾಸಿನಲ್ಲಿ ಹೆಚ್ಚಿನ ಕಡೆ ಬ್ಲಾಗುಗಳು ಮತ್ತೆ ತೆರೆದುಕೊಂಡವು. ಅಷ್ಟರೊಳಗೆ ಬ್ಲಾಗು ಬರೆಯುವವರು ಒಂದು ಚರ್ಚಾಗುಂಪು ಕಟ್ಟಿ, ಯಾವ ಊರಿನಲ್ಲಿ ಯಾವ ಸಂಸ್ಥೆಯ ಸಂಪರ್ಕದಲ್ಲಿ ಏನು ತೆರೆಯುತ್ತಿಲ್ಲವೆಂಬುದನ್ನು ಪಟ್ಟಿಮಾಡಿದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಅರ್ಜಿಗಳೂ ಹೋದವು. ಕ್ಷೇತ್ರಕಾರ್ಯದ ದೃಷ್ಟಿಯಿಂದ ನೋಡಿದರೆ ಇದೊಂದು ಅಚ್ಚುಕಟ್ಟಾದ ಸಂಗ್ರಹ: ಸ್ಥಳ, ದಿನ, ವಕ್ತೃ, ಸಂದರ್ಭ ನಾಲ್ಕೂ ದಾಖಲಾಗಿವೆ. ಸರ್ಕಾರದ ಕಡತಕ್ಕಿಂತ ಈ ಸಂಗ್ರಹವೇ ಪ್ರಕರಣದ ಬಗ್ಗೆ ಹೆಚ್ಚು ಹೇಳುತ್ತದೆ.

ತಡೆಯ ತಾಂತ್ರಿಕ ಸ್ವರೂಪ

ಹದಿನೇಳೆಂಟು ಪುಟಗಳಿಗಾಗಿ ಲಕ್ಷಾಂತರ ಪುಟಗಳು ಮುಚ್ಚಿಹೋದದ್ದು ಹೇಗೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಓದುಗನು ಒಂದು ತಾಣದ ಹೆಸರನ್ನು ಬರೆದಾಗ, ಆ ಹೆಸರಿಗೆ ಸಂಬಂಧಿಸಿದ ಸಂಖ್ಯಾವಿಳಾಸವನ್ನು ಸೇವಾದಾತನ ಯಂತ್ರವು ಹುಡುಕಿಕೊಡುತ್ತದೆ. ಆಮೇಲೆ ಓದುಗನ ಕೋರಿಕೆ ಆ ವಿಳಾಸದ ಯಂತ್ರಕ್ಕೆ ಹೋಗುತ್ತದೆ. ಬ್ಲಾಗ್‌ಸ್ಪಾಟಿನಂಥ ಆಶ್ರಯತಾಣದಲ್ಲಿ ಸಾವಿರಾರು ಬ್ಲಾಗುಗಳಿಗೆ ಬೇರೆಬೇರೆ ಹೆಸರುಗಳಿದ್ದರೂ ಸಂಖ್ಯಾವಿಳಾಸ ಒಂದೇ. ಇಡೀ ಓಣಿಗೆ ಒಂದೇ ಅಂಚೆಪೆಟ್ಟಿಗೆ ಇದ್ದಂತೆ. ಒಂದು ಮನೆಗೆ ಹೋಗುವ ಕಾಗದವನ್ನು ತಡೆಯೆಂದು ಹೇಳಿದರೆ ಕಾಗದಗಳ ಮೇಲಿನ ಹೆಸರನ್ನು ಒಂದೊಂದಾಗಿ ಓದಿ ಬೇರ್ಪಡಿಸಬೇಕು. ಅದಕ್ಕೆ ಬೇಕಾದ ಸಲಕರಣೆ ದುಬಾರಿ, ಸಮಯವೂ ಹಿಡಿಯುತ್ತದೆ. ಪೆಟ್ಟಿಗೆಯನ್ನೇ ಮುಚ್ಚುವುದು ಸುಲಭ. ಪರವಾನಗಿಯ ಷರತ್ತಿಗೆ ಅಂಜಿದ ಸೇವಾದಾತರು ಸುಲಭವಾದುದನ್ನೇ ಮಾಡಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ಇಲ್ಲಿ ಹೊಂದುವುದಾದರೂ ಒಂದು ವ್ಯತ್ಯಾಸವಿದೆ: ನೆಗಡಿ ಒಬ್ಬರದು, ಮೂಗು ಇನ್ನೊಬ್ಬರದು.

ಇದು ಮೊದಲ ಸಲವೇನೂ ಆಗಿರಲಿಲ್ಲ. ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ಸರ್ಕಾರಿ ಒಡೆತನದ ವಿದೇಶ ಸಂಚಾರ ನಿಗಮದ ಮೂಲಕ. ೧೯೯೯ರಲ್ಲಿ ಕಾರ್ಗಿಲ್ ಕದನದ ವೇಳೆ ಪಾಕಿಸ್ತಾನದ ಡಾನ್ ಪತ್ರಿಕೆಯ ತಾಣವನ್ನು ಈ ನಿಗಮವು ತಡೆಹಿಡಿದಿತ್ತು. ೨೦೦೩ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಒಂದು ನಿಷೇಧಿತ ಸಂಘಟನೆಗೆ ಸಂಬಂಧಿಸಿದ 'ಕಿನ್‌ಹುನ್' ಎಂಬ ಯಾಹೂ ಗುಂಪನ್ನು ತಡೆಯಲು ಆದೇಶವಾಯಿತು. ಆ ಗುಂಪಿನ ಸದಸ್ಯರು ಬೆರಳೆಣಿಕೆಯಷ್ಟು ಮಂದಿ. ಆಗಲೂ ಬಿಡಿ ಗುಂಪನ್ನು ಬೇರ್ಪಡಿಸಲಾಗದೆ ಯಾಹೂ ಗುಂಪುಗಳೆಲ್ಲವನ್ನೂ ಮುಚ್ಚಲಾಯಿತು. ಸುಮಾರು ಎರಡು ವಾರ ದೇಶದ ಅಸಂಖ್ಯಾತ ಗುಂಪುಗಳ ಪತ್ರವ್ಯವಹಾರಕ್ಕೆ ಅಡ್ಡಿಯಾಯಿತು. ಅಂದರೆ ೨೦೦೬ರಲ್ಲಿ ಆಗಬಹುದಾದುದು ಏನೆಂಬುದು ಮೂರು ವರ್ಷ ಮುಂಚೆಯೇ ಸಂಬಂಧಪಟ್ಟವರಿಗೆ ತಿಳಿದಿತ್ತು. ಈ ಹಿನ್ನೆಲೆಯಲ್ಲಿ ಸೇವಾದಾತರ ತಪ್ಪೆಂಬ ಇಲಾಖೆಯ ವಿವರಣೆಯನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ಕನ್ನಡದ ಮಟ್ಟಿಗೆ ಒಂದು ಮಾತು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡ ಬರೆಯುವ ಅನುಕೂಲವು ಸಾಮಾನ್ಯ ಗಣಕಗಳಿಗೆ ಬಂದದ್ದು ೨೦೦೦ದ ದಶಕದ ಆರಂಭದಲ್ಲಿ. ಅದಕ್ಕೆ ಮುನ್ನ ಅಕ್ಷರವಿನ್ಯಾಸಗಳ ಗೊಂದಲದಿಂದಾಗಿ ಒಬ್ಬರು ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಮೂಡುತ್ತಿರಲಿಲ್ಲ. ೨೦೦೫-೦೬ರ ಹೊತ್ತಿಗೆ ಕನ್ನಡದಲ್ಲಿ ಬ್ಲಾಗು ಬರೆಯುವವರ ಒಂದು ಸಣ್ಣ ಬಳಗ ರೂಪುಗೊಳ್ಳತೊಡಗಿತ್ತು. ಹಣ ತೆರದೆ ಪುಟ ತೆರೆಯಬಹುದಾಗಿದ್ದ ಬ್ಲಾಗ್‌ಸ್ಪಾಟಿನಲ್ಲಿ ನೆಲೆ ಮಾಡಿಕೊಂಡಿದ್ದವರ ಬರಹಗಳು, ತಡೆ ಇದ್ದ ಸಂಪರ್ಕಗಳಲ್ಲಿ, ಅಮೆರಿಕದ ರಾಜಕೀಯ ಬ್ಲಾಗುಗಳೊಂದಿಗೆ ಏಕಕಾಲಕ್ಕೆ ಮರೆಯಾದವು. ಪ್ರಕಾಶಕರನ್ನಾಗಲಿ ಸಂಪಾದಕರನ್ನಾಗಲಿ ಕಾಯದೆ ಬರೆಯುವ ಅವಕಾಶವು ಸಣ್ಣ ಭಾಷೆಗಳ ಬರಹಗಾರರಿಗೆ ಹೆಚ್ಚು ಬೆಲೆಯುಳ್ಳದ್ದು. ಆದ್ದರಿಂದ ಸಗಟು ತಡೆಯ ಪೆಟ್ಟು ಅಂಥ ಭಾಷೆಗಳಿಗೆ ಹೆಚ್ಚು ತಾಗುತ್ತದೆ.

ಕಳ್ಳದಾರಿ ಮತ್ತು ಪಾಠಾಂತರ

ಈ ಪ್ರಕರಣದ ಅತ್ಯಂತ ಕುತೂಹಲಕರವಾದ ಅಂಶ ಪತ್ರಿಕೆಗಳ ಗಮನ ಸೆಳೆದದ್ದು ಕಡಿಮೆ. ಅದೇ ೨೦೦೬ರ ಆರಂಭದಲ್ಲಿ ಡೆನ್ಮಾರ್ಕಿನ ವ್ಯಂಗ್ಯಚಿತ್ರಗಳ ವಿವಾದದ ಸಂಬಂಧದಲ್ಲಿ ಪಾಕಿಸ್ತಾನ ಸರ್ಕಾರವು ಕೆಲವು ತಾಣಗಳನ್ನು ತಡೆಯಲು ಆಜ್ಞೆ ಮಾಡಿತ್ತು. ಅವುಗಳಲ್ಲಿ ಒಂದು ಬ್ಲಾಗ್‌ಸ್ಪಾಟಿನಲ್ಲಿದ್ದುದರಿಂದ ಅಲ್ಲಿಯೂ ಬ್ಲಾಗ್‌ಸ್ಪಾಟ್ ಪೂರ್ತಿಯಾಗಿ ಮುಚ್ಚಿತು. ಅಲ್ಲಿಯ ಬ್ಲಾಗಿಗರು ಪ್ರತಿಭಟನೆ ನಡೆಸಿದರಲ್ಲದೆ 'ಪಿಕೆ ಬ್ಲಾಗ್ಸ್' ಎಂಬ ಮಧ್ಯವರ್ತಿ ತಾಣವನ್ನು ಸಿದ್ಧಪಡಿಸಿದರು. ಓದುಗನು ಅದನ್ನು ತೆರೆದು ತನಗೆ ಬೇಕಾದ ಬ್ಲಾಗಿನ ಹೆಸರನ್ನು ಕೊಟ್ಟರೆ, ಅದು ತಾನೇ ಹೋಗಿ ಪುಟವನ್ನು ತಂದು ತೋರಿಸುತ್ತಿತ್ತು. ಜುಲೈ ತಿಂಗಳಿನಲ್ಲಿ ಭಾರತದ ಓದುಗರು ತಮ್ಮ ದೇಶದ ಬ್ಲಾಗುಗಳನ್ನು ಓದಿದ್ದು ಈ ಪಾಕಿಸ್ತಾನಿ ದಾರಿಯಿಂದ. ಏಳು ವರ್ಷಗಳ ಹಿಂದೆ ಪಾಕಿಸ್ತಾನದ ಪತ್ರಿಕೆಯೊಂದನ್ನು ಓದಬಾರದೆಂದು ಮುಚ್ಚಿದ ದೇಶದಲ್ಲಿ, ಮುಂಬಯಿಯ ಗಾಯಾಳುಗಳ ವಿವರವಿದ್ದ ಪುಟವನ್ನು ಕಾಣಲು ಪಾಕಿಸ್ತಾನದವರು ಮಾಡಿದ ಕಿಂಡಿಯೇ ಒದಗಿತು.

ಜಾನಪದ ಅಧ್ಯಯನದಲ್ಲಿ ಮೌಖಿಕ ಪಠ್ಯಕ್ಕೆ ಏಕೈಕ ಮೂಲವೆಂಬುದಿಲ್ಲ ಎಂಬುದು ಸ್ಥಾಪಿತವಾದ ತಿಳಿವಳಿಕೆ. ಒಂದು ಲಾವಣಿಯನ್ನು ಹತ್ತು ಮಂದಿ ಹಾಡಿದರೆ ಹತ್ತು ಪಾಠಗಳು. ಆಳುವವರ ಕೈ ಒಬ್ಬ ಹಾಡುಗಾರನಿಗೆ ತಾಗಿದರೂ ಹಾಡಿಗೆ ತಾಗುವುದಿಲ್ಲ. ಮುದ್ರಿತ ಗ್ರಂಥದ ಸಂಗತಿ ಹಾಗಲ್ಲ. ಅದಕ್ಕೆ ಮುದ್ರಣಾಲಯವಿದೆ, ಪ್ರಕಾಶಕನಿದ್ದಾನೆ, ಪ್ರತಿಗಳ ಎಣಿಕೆಯಿದೆ. ಅಂತರಜಾಲದ ಬರಹವು ಇವೆರಡರ ನಡುವೆ ನಿಲ್ಲುತ್ತದೆ. ನಕಲು ಮಾಡಿ ಹತ್ತು ಕಡೆ ಇಡಬಹುದಾದ್ದರಿಂದ ಅದು ಲಾವಣಿಯಂತೆ ತೋರುತ್ತದೆ. ಒಂದೇ ಯಂತ್ರದಲ್ಲಿ ಒಂದೇ ಸಂಸ್ಥೆಯ ಕೃಪೆಯಲ್ಲಿ ಕುಳಿತಿರುವುದರಿಂದ ಗ್ರಂಥಕ್ಕಿಂತಲೂ ಅಳ್ಳಕವಾದುದು. ಅಂತರಜಾಲವನ್ನು ಹೊಸ ಕಾಲದ ಮೌಖಿಕ ಪರಂಪರೆಯೆಂದು ಸರಾಗವಾಗಿ ಕರೆದುಬಿಡುವ ಬರಹಗಳು ಈ ಎರಡನೆಯ ಲಕ್ಷಣವನ್ನು ಮರೆಯುತ್ತವೆ.

ಹಿಂದಿನ ನಿಷೇಧಗಳು ಉಳಿಸಿದ ಸಂಚಯ

ವಸಾಹತು ಸರ್ಕಾರದ ಹತೋಟಿಯ ಕ್ರಮಗಳು ಸುಪರಿಚಿತವಾದವು: ೧೮೭೬ರ ನಾಟಕ ಪ್ರದರ್ಶನ ಕಾಯಿದೆ, ೧೮೭೮ರ ದೇಶಭಾಷಾ ಪತ್ರಿಕಾ ಕಾಯಿದೆ, ೧೯೧೦ರ ಪತ್ರಿಕಾ ಕಾಯಿದೆ. ೧೮೭೮ರ ಕಾಯಿದೆಯು ದೇಶಭಾಷೆಗಳ ಪತ್ರಿಕೆಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಬಂಗಾಳದ ಅಮೃತ ಬಜಾರ್ ಪತ್ರಿಕೆಯು ಒಮ್ಮೆಲೇ ಇಂಗ್ಲಿಷಿಗೆ ಬದಲಾಗಿ ಪಾರಾಯಿತು. ಮೈಸೂರು ಸಂಸ್ಥಾನವೂ ೧೯೦೮ರಲ್ಲಿ ತನ್ನದೇ ಪತ್ರಿಕಾ ಶಾಸನವನ್ನು ತಂದಿತು; ಅದನ್ನು ಪ್ರತಿಭಟಿಸಿ 'ತಾತಯ್ಯ' ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಆದರೆ ಈ ಕಾಲದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ೧೮೬೭ರ ಮುದ್ರಣಾಲಯ ಮತ್ತು ಗ್ರಂಥ ನೋಂದಣಿ ಕಾಯಿದೆಯಂತೆ ಅಚ್ಚಾದ ಗ್ರಂಥಗಳ ಪ್ರತಿಗಳು ಸರ್ಕಾರಕ್ಕೆ ಸಲ್ಲಬೇಕಾಗಿದ್ದವು. ಮುಟ್ಟುಗೋಲಾದ ಗ್ರಂಥಗಳ ಪ್ರತಿಗಳೂ ಸರ್ಕಾರದ ಬಳಿಯೇ ಉಳಿದವು. ಎನ್. ಜೆರಾಲ್ಡ್ ಬ್ಯಾರಿಯರ್ ಅವರು ೧೯೦೭ರಿಂದ ೧೯೪೭ರವರೆಗಿನ ನಿಷೇಧಿತ ಸಾಹಿತ್ಯವನ್ನು ಕುರಿತು ೧೯೭೪ರಲ್ಲಿ ಗ್ರಂಥ ಬರೆಯಲು ಸಾಧ್ಯವಾದದ್ದು ಈ ಸಂಚಯಗಳಿಂದ. ಗ್ರೇಹಮ್ ಶಾ ಮತ್ತು ಮೇರಿ ಲಾಯ್ಡ್ ೧೯೮೫ರಲ್ಲಿ ಇವುಗಳ ಸೂಚಿಯನ್ನೇ ಹೊರತಂದರು. ಜಾತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಕಾಸಿಗೊಂದರಂತೆ ಮಾರಾಟವಾಗಿ ಹರಿದುಹೋಗಬೇಕಾಗಿದ್ದ ಹಾಡಿನ ಪುಸ್ತಿಕೆಗಳು ಸರ್ಕಾರದ ಸಂಶಯದ ದೆಸೆಯಿಂದಲೇ ಬದುಕಿಕೊಂಡವು.

ಕನ್ನಡದಲ್ಲಿಯೂ ಇದಕ್ಕೆ ಸಮೀಪದ ಉದಾಹರಣೆಯೊಂದಿದೆ, ನಿಷೇಧದ್ದಲ್ಲದಿದ್ದರೂ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟರು ಶಾಸನಗಳನ್ನು ಓದುವುದರ ಜೊತೆಗೆ ಲಾವಣಿಗಳನ್ನೂ ಬರೆದುಕೊಂಡು ೧೮೮೦ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ, ನಿಶ್ಶಸ್ತ್ರೀಕರಣದ ಆಜ್ಞೆಗೆ ಬಗ್ಗದ ಹಲಗಲಿಯ ಬೇಡರ ಲಾವಣಿಯೂ ಅವುಗಳಲ್ಲಿ ಸೇರಿವೆ. ಬಂಡಾಯವನ್ನು ಅಡಗಿಸಿದ ಆಡಳಿತದ ಅಧಿಕಾರಿಯೇ ಬಂಡಾಯದ ಹಾಡಿಗೆ ಲಿಪಿ ಕೊಟ್ಟನು. ಇದರ ಹಿಂದಿನ ಉದ್ದೇಶವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆಯಬಹುದು. ಪಠ್ಯ ಉಳಿದಿದೆ ಎಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ಸ್ವಾತಂತ್ರ್ಯಾನಂತರವೂ ಗ್ರಂಥನಿಷೇಧಕ್ಕೆ ಒಂದು ಬಹಿರಂಗ ಕ್ರಮವಿದೆ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೯೫ನೆಯ ಪ್ರಕರಣದಂತೆ, ರಾಜ್ಯ ಸರ್ಕಾರವು ಕಾರಣಗಳನ್ನು ತಿಳಿಸಿ ಅಧಿಸೂಚನೆ ಹೊರಡಿಸಿಯೇ ಗ್ರಂಥವನ್ನು ಮುಟ್ಟುಗೋಲು ಹಾಕಬೇಕಾಗಿತ್ತು. ಅದರಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದೆಂದು ೯೬ನೆಯ ಪ್ರಕರಣ ಹೇಳುತ್ತಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ೯೮ ಮತ್ತು ೯೯ನೆಯ ಪ್ರಕರಣಗಳಾಗಿ ಈ ಏರ್ಪಾಡು ಮುಂದುವರಿದಿದೆ. ಇಂಥ ನಿಷೇಧವನ್ನು ಒಪ್ಪಬಹುದು, ಬಿಡಬಹುದು. ಆದರೆ ಯಾವ ಗ್ರಂಥ, ಯಾವ ದಿನ, ಯಾವ ಕಾರಣಕ್ಕೆ ಎಂಬುದು ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತದೆ.

ಗೋಪ್ಯತೆಯ ನಿಯಮ

ಜಾಲತಾಣಗಳಿಗೆ ಈ ಕ್ರಮ ಅನ್ವಯವಾಗಲಿಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಲ್ಲಿ ತಾಣಗಳನ್ನು ತಡೆಹಿಡಿಯುವ ಬಗ್ಗೆ ಸ್ಪಷ್ಟವಾದ ಪ್ರಕರಣವೇ ಇರಲಿಲ್ಲ. ೨೦೦೩ರ ಅಧಿಸೂಚನೆಯೊಂದರ ಮೂಲಕ ಗಣಕ ತುರ್ತು ಪ್ರತಿಕ್ರಿಯಾ ತಂಡಕ್ಕೆ ಕೋರಿಕೆಗಳನ್ನು ಪರಿಶೀಲಿಸುವ ಹೊಣೆ ವಹಿಸಲಾಗಿತ್ತು. ಆದೇಶ ಹೊರಡುತ್ತಿದ್ದುದು ದೂರಸಂಪರ್ಕ ಇಲಾಖೆಯಿಂದ. ೨೦೦೬ರ ಪ್ರಕರಣ ನಡೆದದ್ದು ಈ ಸಡಿಲವಾದ ಏರ್ಪಾಡಿನಡಿಯಲ್ಲಿ. ೨೦೦೮ರಲ್ಲಿ ಅಧಿನಿಯಮ ತಿದ್ದುಪಡಿಯಾಗಿ ೬೯ಎ ಪ್ರಕರಣ ಸೇರ್ಪಡೆಯಾಯಿತು; ೨೦೦೯ರಲ್ಲಿ ನಿಯಮಗಳು ಬಂದವು. ದೇಶದ ಸಾರ್ವಭೌಮತ್ವ, ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ, ಲಿಖಿತ ಕಾರಣ ನೀಡಿ, ತಡೆಯಬಹುದೆಂದು ಪ್ರಕರಣ ಹೇಳುತ್ತದೆ. ಆದರೆ ೧೬ನೆಯ ನಿಯಮದಂತೆ ಕೋರಿಕೆಗಳನ್ನೂ ಕೈಗೊಂಡ ಕ್ರಮಗಳನ್ನೂ ಗೋಪ್ಯವಾಗಿಡಬೇಕು. ಕಾರಣ ಬರೆದಿರುತ್ತದೆ, ಓದುವ ಹಕ್ಕು ಓದುಗನಿಗಿಲ್ಲ.

೨೦೧೫ರ ಮಾರ್ಚ್ ೨೪ರಂದು ಶ್ರೇಯಾ ಸಿಂಘಾಲ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ೬೬ಎ ಪ್ರಕರಣವನ್ನು ರದ್ದುಮಾಡಿತಾದರೂ ೬೯ಎಯನ್ನೂ ೨೦೦೯ರ ನಿಯಮಗಳನ್ನೂ ಎತ್ತಿಹಿಡಿಯಿತು. ಆದೇಶದಲ್ಲಿ ಕಾರಣಗಳು ದಾಖಲಾಗುವುದರಿಂದ ಅದನ್ನು ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು ಎಂಬುದು ಅಲ್ಲಿಯ ಒಂದು ಆಧಾರವಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯಕ್ಕೂ ಈ ಚರ್ಚೆಯಲ್ಲಿ ಪಾತ್ರವಿದೆ. ಟ್ವಿಟರ್ ಸಂಸ್ಥೆಯು ಕೇಂದ್ರದ ತಡೆ ಆದೇಶಗಳನ್ನು ಪ್ರಶ್ನಿಸಿ ೨೦೨೨ರಲ್ಲಿ ಇಲ್ಲಿ ಅರ್ಜಿ ಸಲ್ಲಿಸಿತು. ೨೦೨೩ರ ಜೂನ್ ೩೦ರಂದು ಏಕಸದಸ್ಯ ಪೀಠವು ಅರ್ಜಿಯನ್ನು ವಜಾಮಾಡಿ ೫೦ ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ಮೇಲ್ಮನವಿಯೂ ಸಲ್ಲಿಕೆಯಾಯಿತು. ಖಾತೆಯನ್ನು ಕಳೆದುಕೊಂಡ ಬರಹಗಾರನಿಗೆ ನೋಟೀಸು ಕೊಡಬೇಕೇ ಬೇಡವೇ ಎಂಬುದು ವಾದದ ಒಂದು ಮುಖ್ಯ ಎಳೆಯಾಗಿತ್ತು. ದೊಡ್ಡ ಸಂಸ್ಥೆಯೊಂದು ವ್ಯಾಜ್ಯ ಹೂಡಿದಾಗ ಮಾತ್ರ ಇಂಥ ಆದೇಶಗಳ ಸುದ್ದಿ ಹೊರಬರುತ್ತದೆಯೆಂಬುದು ಸಂಶೋಧನೆಯ ದೃಷ್ಟಿಯಿಂದ ಚಿಂತಿಸಬೇಕಾದ ವಿಷಯ.

೨೦೧೨ರ ಬೆಂಗಳೂರು

ಸರ್ಕಾರಗಳ ಆತಂಕ ಸಂಪೂರ್ಣ ನಿರಾಧಾರವೆಂದು ಹೇಳುವಂತಿಲ್ಲ. ಈ ಮಾತಿಗೆ ಬೆಂಗಳೂರೇ ಸಾಕ್ಷಿ. ೨೦೧೨ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಸುತ್ತಿನಲ್ಲಿ ಗಲಭೆಗಳಾದವು. ಅದರ ಬೆನ್ನಿಗೆ ದಕ್ಷಿಣದ ನಗರಗಳಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ರಂಜಾನ್ ಮುಗಿದೊಡನೆ ದಾಳಿಯಾಗುವುದೆಂಬ ವದಂತಿ ಹಬ್ಬಿತು. ಆಗಸ್ಟ್ ೧೫ರಿಂದ ಮೂರುನಾಲ್ಕು ದಿನಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಬಂದು ಗುವಾಹಟಿಯ ಗಾಡಿ ಹತ್ತಿದರು. ರೈಲ್ವೆ ಇಲಾಖೆ ವಿಶೇಷ ಗಾಡಿಗಳನ್ನು ಓಡಿಸಬೇಕಾಯಿತು. ಹೋಟೆಲುಗಳು, ಕಾವಲು ಸಂಸ್ಥೆಗಳು, ಸೌಂದರ್ಯ ಮಳಿಗೆಗಳು ಕೆಲಸಗಾರರಿಲ್ಲದೆ ನಿಂತವು.

ಈ ವದಂತಿಯ ರಚನೆ ಪರಿಚಿತವಾದುದು. ಹೇಳಿದವನು ಎಂದೂ ಪ್ರತ್ಯಕ್ಷದರ್ಶಿಯಲ್ಲ, ಗೆಳೆಯನ ಗೆಳೆಯ. ಗಂಡಾಂತರಕ್ಕೆ ಒಂದು ನಿರ್ದಿಷ್ಟ ದಿನವಿದೆ. ಊರಿನಿಂದ ತಾಯಿತಂದೆಯರ ಕರೆ ಬರುತ್ತದೆ. ಕರೆ ಮಾಡಿದವರಿಗೂ ಸುದ್ದಿ ಬಂದದ್ದು ಇಲ್ಲಿಂದಲೇ. ೧೯೯೦ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯಿಸಿದ ವದಂತಿಗೆ ಅಂತರಜಾಲ ಬೇಕಾಗಿರಲಿಲ್ಲ. ೧೯೯೫ರ ಸೆಪ್ಟೆಂಬರ್ ೨೧ರಂದು ಗಣೇಶ ವಿಗ್ರಹಗಳು ಹಾಲು ಕುಡಿಯುತ್ತವೆಂಬ ಸುದ್ದಿ ಒಂದೇ ದಿನದಲ್ಲಿ ದೇಶ ದಾಟಿದ್ದು ದೂರವಾಣಿಯ ಮೂಲಕ. ಇನ್ನೂ ಹಿಂದಕ್ಕೆ ಹೋದರೆ ೧೮೫೭ರಲ್ಲಿ ಹಳ್ಳಿಯಿಂದ ಹಳ್ಳಿಗೆ ಸಾಗಿದ ಚಪಾತಿಗಳಿವೆ. ರಣಜಿತ್ ಗುಹಾ ಅವರು ೧೯೮೩ರ ತಮ್ಮ ಗ್ರಂಥದಲ್ಲಿ ವದಂತಿಯನ್ನು ರೈತ ದಂಗೆಗಳ ಪ್ರಸರಣ ಮಾಧ್ಯಮವೆಂದು ವಿಶ್ಲೇಷಿಸಿ, ಅನಾಮಕತೆಯೇ ಅದರ ಬಲವೆಂದು ತೋರಿಸಿದ್ದಾರೆ.

ಸರ್ಕಾರವು ದಿನಕ್ಕೆ ಐದಕ್ಕಿಂತ ಹೆಚ್ಚು ಕಿರುಸಂದೇಶ ಕಳುಹಿಸದಂತೆ ಮಿತಿ ಹಾಕಿತು. ಅನಂತರ ಅದನ್ನು ಇಪ್ಪತ್ತಕ್ಕೆ ಏರಿಸಿತು. ಆಗಸ್ಟ್ ೧೮ರಿಂದ ೨೧ರ ನಡುವೆ ಹೊರಟ ಆದೇಶಗಳಲ್ಲಿ ಸುಮಾರು ೩೦೦ ವಿಳಾಸಗಳು ತಡೆಗೆ ಒಳಗಾದವು. ಈ ಪಟ್ಟಿಯೂ ಸೋರಿಕೆಯಾಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆಯು ನಡೆಸಿದ ವಿಶ್ಲೇಷಣೆಯಿಂದ ತಿಳಿದುಬಂದಂತೆ, ಅದರಲ್ಲಿ ಕೆಲವು ಜನರ ಖಾತೆಗಳಿದ್ದವು, ಬ್ಲಾಗ್ ಬರಹಗಳಿದ್ದವು, ಬರಿಯ ಚಿತ್ರದ ಸಂಕೇತಗಳೂ ಇದ್ದವು. ಬೇರೆ ದೇಶದ ಭೂಕಂಪದ, ದುರಂತದ ಚಿತ್ರಗಳನ್ನು ಗಲಭೆಯ ಚಿತ್ರಗಳೆಂದು ಹಂಚಲಾಗುತ್ತಿದೆ, ನಂಬಬೇಡಿರಿ ಎಂದು ಬಯಲು ಮಾಡಿದ ಬರಹಗಳೂ ತಡೆಗೆ ಒಳಗಾಗಿದ್ದವು. ವದಂತಿಯನ್ನು ಅಲ್ಲಗಳೆಯಬೇಕಾದರೆ ವದಂತಿಯನ್ನು ಉಲ್ಲೇಖಿಸಲೇಬೇಕು. ಹುಡುಕುವ ಕಣ್ಣಿಗೆ ಎರಡೂ ಒಂದೇ ಆಗಿ ಕಂಡವು. ಹುಸಿಯೂ ಅದರ ನಿರಾಕರಣೆಯೂ ಒಂದೇ ಪಟ್ಟಿಯಲ್ಲಿ ಸೇರಿದ ಮೇಲೆ ರೈಲು ನಿಲ್ದಾಣದಲ್ಲಿ ನಿಂತವನಿಗೆ ಉಳಿದದ್ದು ಬಾಯಿಮಾತು ಒಂದೇ.

ಮುಂದೆ ೨೦೧೮ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ಅಮಾಯಕರ ಹತ್ಯೆಗಳಾದವು. ಆ ವದಂತಿ ಹರಿದದ್ದು ಕೈಫೋನಿನ ಖಾಸಗಿ ಸಂದೇಶಗಳಲ್ಲಿ. ತಾಣಗಳನ್ನು ತಡೆಯುವ ಯಾವ ಪಟ್ಟಿಯೂ ಅಲ್ಲಿಗೆ ಮುಟ್ಟುವಂತಿರಲಿಲ್ಲ. ೨೦೧೭ರಲ್ಲಿ ರಚಿತವಾದ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಅಮಾನತು ನಿಯಮಗಳ ಅಡಿಯಲ್ಲಿ ಪ್ರದೇಶವೊಂದರ ಸಂಪರ್ಕವನ್ನೇ ಕಡಿದುಹಾಕುವ ಕ್ರಮ ಹೆಚ್ಚಿತು. ೨೦೧೯ರ ಆಗಸ್ಟ್ ೪ರಿಂದ ಜಮ್ಮು ಮತ್ತು ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ನಡೆದ ಸ್ಥಗಿತವನ್ನು ಕುರಿತು ೨೦೨೦ರ ಜನವರಿ ೧೦ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಮಾನತು ಆದೇಶಗಳನ್ನು ಪ್ರಕಟಿಸಲೇಬೇಕೆಂದು ಹೇಳಿತು. ಸ್ಥಗಿತದ ಆದೇಶಕ್ಕೆ ಪ್ರಕಟಣೆ ಕಡ್ಡಾಯ, ತಾಣತಡೆಯ ಆದೇಶಕ್ಕೆ ಗೋಪ್ಯತೆ ಕಡ್ಡಾಯ: ಒಂದೇ ಮಾಧ್ಯಮಕ್ಕೆ ಸಂಬಂಧಿಸಿದ ಈ ಎರಡು ವಿಧಿಗಳು ಜೊತೆಜೊತೆಗೆ ನಿಂತಿವೆ.

ಉಳಿದಿರುವ ಆಕರಗಳು

೨೦೦೬ರಲ್ಲಿ ತಡೆಗೊಳಗಾದ ಮೂರು ಆಶ್ರಯತಾಣಗಳ ಪೈಕಿ ಜಿಯೋಸಿಟೀಸನ್ನು ಅದರ ಒಡೆತನದ ಯಾಹೂ ಸಂಸ್ಥೆಯು ೨೦೦೯ರ ಅಕ್ಟೋಬರಿನಲ್ಲಿ ಮುಚ್ಚಿತು. ಮುಚ್ಚುವ ಮುನ್ನ ಕೆಲವು ಸ್ವಯಂಸೇವಕರ ತಂಡಗಳೂ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯೂ ನಕಲಿಸಿಕೊಂಡಷ್ಟು ಪುಟಗಳು ಉಳಿದಿವೆ. ಟೈಪ್‌ಪ್ಯಾಡ್ ೨೦೨೫ರ ಸೆಪ್ಟೆಂಬರ್ ೩೦ರಂದು ಕೊನೆಗೊಂಡಿತು. ಭಾರತದಲ್ಲಿ ೧೯೫೪ರ ಗ್ರಂಥ ಸಲ್ಲಿಕೆ ಅಧಿನಿಯಮದಂತೆ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರತಿ ಸಲ್ಲಬೇಕಾದದ್ದು ಅಚ್ಚಾದ ಪುಸ್ತಕ ಮತ್ತು ಪತ್ರಿಕೆಗಳಿಗೆ ಸಂಬಂಧಿಸಿದ ವಿಧಿ. ಜಾಲದ ಪುಟಗ���ನ್ನು ಅದು ಉದ್ದೇಶಿಸಿಲ್ಲ. ಮುಟ್ಟುಗೋಲಾದ ಪುಸ್ತಿಕೆಯ ಒಂದು ಪ್ರತಿ ಸರ್ಕಾರದ ಕಪಾಟಿನಲ್ಲಿ ಉಳಿಯುತ್ತಿತ್ತು. ತಡೆಹಿಡಿದ ಪುಟದ ಪ್ರತಿಯನ್ನು ತೆಗೆದಿಡಬೇಕೆಂಬ ಕಟ್ಟುಪಾಡು ೨೦೦೯ರ ನಿಯಮಗಳಲ್ಲಿ ಇಲ್ಲ.

ಹಾಗಾಗಿ ೨೦೦೬ರ ಪಟ್ಟಿಯಲ್ಲಿದ್ದ ಪುಟಗಳಲ್ಲಿ ಆಗ ನಿಜವಾಗಿ ಏನಿತ್ತೆಂದು ತಿಳಿಯಬಯಸುವ ಸಂಶೋಧಕನು ಹೋಗಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ೧೯೯೬ರಿಂದ ಜಾಲದ ಪುಟಗಳನ್ನು ನಕಲಿಸಿಡುತ್ತಿರುವ ಅದೇ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಸಂಚಯಕ್ಕೆ. ೨೦೧೭ರ ಆಗಸ್ಟಿನಲ್ಲಿ, ಚಲನಚಿತ್ರಗಳ ಅನಧಿಕೃತ ಪ್ರತಿಗಳನ್ನು ತಡೆಯಬೇಕೆಂದು ನಿರ್ಮಾಪಕರು ಮದ್ರಾಸ್ ಉಚ್ಚ ನ್ಯಾಯಾಲಯದಿಂದ ಪಡೆದ ಆದೇಶವೊಂದರ ಪಟ್ಟಿಯಲ್ಲಿ ೨,೬೦೦ಕ್ಕೂ ಹೆಚ್ಚು ತಾಣಗಳ ಹೆಸರುಗಳಿದ್ದವು. ಆ ಸಂಚಯದ ಹೆಸರೂ ಅದರಲ್ಲಿತ್ತು. ಕೆಲವು ದಿನ ಭಾರತದಲ್ಲಿ ಅದೂ ತೆರೆದುಕೊಳ್ಳಲಿಲ್ಲ.